ಕಾಕಾನ ಕಾಲುವೆ, ನನ್ನ ಕಾಡು

ಹೊರಡುವ ಮೊದಲು, ಹಾನಗಲ್

ಕಾಕಾನಿಗೆ ಕಾಲುವೆ ನೋಡುವುದಿತ್ತು, ನನಗೆ ಕಾಡು ನೋಡುವುದಿತ್ತು. ಎರಡೂ ಒಂದೇ ಕಡೆ ಸಿಗುವ ಜಾಗ ಹುಡುಕುತ್ತ ಹೋದಾಗ ಫ್ರಾನ್ಸಿನ ನಿವೆರ್ನೆ ಕಾಲುವೆ ಸಿಕ್ಕಿತು. ಅದರ ದಂಡೆಗುಂಟ ಖಡಿ, ಅಂದರೆ ಸಣ್ಣ ಜಲ್ಲಿ, ಹಾಸಿದ ಹಾದಿಯೊಂದಿದೆ. ಹಿಂದೆ ಕುದುರೆಗಳೂ, ಕುದುರೆ ಇಲ್ಲದವರ ಮನೆಯ ಮಂದಿಯೂ ಹಗ್ಗ ಹೆಗಲಿಗೆ ಹಾಕಿಕೊಂಡು ದೋಣಿ ಎಳೆದು ನಡೆದ ಹಾದಿ ಅದು. ಈಗ ಅಲ್ಲಿ ದಪ್ಪ ಟೈರಿನ ಗ್ರಾವೆಲ್ ಸೈಕಲ್ಲುಗಳು ಓಡುತ್ತವೆ. ಡಾಂಬರು ಮುಗಿದ ಮೇಲೂ ನಿಲ್ಲದ ಸೈಕಲ್ಲುಗಳು.

ನನ್ನ ಕಾಕಾ ಶ್ರೀಪಾದರಾಯರು ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಯಾವ ಕಾಲುವೆಯ ಯಾವ ತೂಬು ಸೋರುತ್ತದೆ ಎಂಬುದು ಅವರಿಗೆ ಇವತ್ತಿಗೂ ಬಾಯಿಪಾಠ. ನಾನು ಶಿಗ್ಗಾಂವಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಸೈಕಲ್ ಹುಚ್ಚು ಮೊದಲು ನನಗೆ ಹಿಡಿದದ್ದು, ಆಮೇಲೆ ಅವರಿಗೆ ಅಂಟಿತು. ಭಾನುವಾರ ಭಾನುವಾರ ಕಾಲುವೆ ದಂಡೆಯ ಮೇಲೆ ಹೋಗಿ ಅಭ್ಯಾಸ ಮಾಡಿದೆವು.

ಚಿಂತೆ ಒಂದೇ ಇತ್ತು, ಕಾಕಾನ ಸಕ್ಕರೆ ಕಾಯಿಲೆ. ಸಕ್ಕರೆ ಏರುವುದಲ್ಲ, ಇಳಿಯುವುದು. ಬೆಳಿಗ್ಗೆ ಗುಳಿಗೆ ತಗೊಂಡು ಹೊಟ್ಟೆಗೆ ಸರಿಯಾಗಿ ಬೀಳದಿದ್ದರೆ ಅವರಿಗೆ ಸಕ್ಕರೆ ಸರ್ರನೆ ಇಳಿಯುತ್ತದೆ. ಮೈ ಬೆವರುತ್ತದೆ, ಬುದ್ಧಿ ಮಂಕಾಗುತ್ತದೆ. ತಡವಾದರೆ ಪ್ರಜ್ಞೆ ತಪ್ಪುತ್ತದೆ, ಇನ್ನೂ ತಡವಾದರೆ ಜೀವಕ್ಕೇ ಬರುತ್ತದೆ.

ಡಾಕ್ಟರು ಷರತ್ತು ಹಾಕಿಯೇ ಒಪ್ಪಿದರು. ತಿಂಡಿ ತಿಂದ ಮೇಲೆಯೇ ಗುಳಿಗೆ. ಎರಡು ತಾಸಿಗೊಮ್ಮೆ ಬಾಯಿಗೆ ಏನಾದರೂ. ಮೂರನೆಯದನ್ನು ಅವರು ಕಾಕಾನ ಮುಖ ನೋಡದೆ ಹೇಳಿದರು.

"ಏಕಾದಶಿ ಬ್ಯಾಡ್ರಿ ರಾಯರ. ಸೈಕಲ್ಲೂ ಉಪವಾಸನೂ ಕೂಡಿ ನಡಿಯೂದಿಲ್ಲ."

ಕಾಕಾ ಮುಂಜಿಯಾದಾಗಿನಿಂದ ಒಂದು ಏಕಾದಶಿ ಬಿಟ್ಟವರಲ್ಲ. ಫಲಾಹಾರವೂ ಅಲ್ಲ, ತೀರ್ಥ ಬಿಟ್ಟರೆ ನೀರು ಕೂಡ ಇಲ್ಲದ ನಿರಾಹಾರ. ಸಕ್ಕರೆ ಬಂದ ಮೇಲೆ ಅವರ ಹೆಂಡತಿ, ನಮ್ಮ ಕಾಕು, ಅತ್ತಿದ್ದಾಳೆ, ಜಗಳಾಡಿದ್ದಾಳೆ, ಮಠದ ಆಚಾರ್ಯರಿಂದ ಹೇಳಿಸಿದ್ದಾಳೆ. ಕಾಕಾ ಎಲ್ಲರ ಮಾತನ್ನೂ ಗೌರವದಿಂದ ಕೇಳಿ ಉಪವಾಸ ಮಾಡಿದ್ದಾರೆ.

"ಏಕಾದಶಿ ದಿನ ಸೈಕಲ್ ಮುಟ್ಟೂದಿಲ್ಲ, ಗುಳಿಗೀನೂ ಮುಟ್ಟೂದಿಲ್ಲ. ಮಲಗಿರ್ತೇನಿ. ಆತಲ್ಲ?" ಅಂದರು ಕಾಕಾ. ಡಾಕ್ಟರು ನಿಟ್ಟುಸಿರು ಬಿಟ್ಟು ಪ್ರಯಾಣದ ಅನುಮತಿ ಚೀಟಿಗೆ ಸಹಿ ಹಾಕಿದರು.

ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ನೋಡಿದೆ. ನಮ್ಮ ಪ್ರವಾಸದ ವಾರದಲ್ಲಿ ಏಕಾದಶಿ ಶನಿವಾರ ಬಿದ್ದಿತ್ತು. ಶನಿವಾರ ವಿಶ್ರಾಂತಿ ಎಂದು ದಿನಚರಿಯಲ್ಲಿ ಬರೆದು ಅಡಿಗೆರೆ ಹಾಕಿದೆ. ಇಷ್ಟು ಅಚ್ಚುಕಟ್ಟಾಗಿ ಯೋಜನೆ ಹಾಕಿದ್ದಕ್ಕೆ ನನಗೆ ನನ್ನ ಮೇಲೆಯೇ ಮೆಚ್ಚುಗೆಯಾಯಿತು.

ಹೊರಡುವ ದಿನ ಕಾಕು ನನ್ನನ್ನು ಹಿತ್ತಲಿಗೆ ಕರೆದಳು.

"ಮೇಧಾ, ನಿನ್ನ ಕೈಯಾಗ ಕೊಡಾಕತ್ತೇನಿ. ಸಕ್ಕರಿ ಇಳಿದ್ರ ಇವ್ರು ಹೇಳೂದಿಲ್ಲ. ಸುಮ್ಮನಾಗಿಬಿಡ್ತಾರ. ಮಾತು ನಿಂತ್ವು ಅಂದ್ರ ತಿಳಕೋ."

ಒಳಗಿನಿಂದ ಕಾಕಾ ಕೂಗಿದರು. "ನಾ ಏನ್ ಉಪ್ಪಿನಕಾಯಿ ಭರಣಿಯೇನ, ಕೈಯಾಗ ಕೊಡಾಕ?"

"ಭರಣಿ ಆಗಿದ್ರ ಛಲೋ ಇತ್ತು. ಇಟ್ಟಲ್ಲೆ ಇರ್ತಿತ್ತು," ಅಂದಳು ಕಾಕು.

ಸೋಮವಾರ, ಓಸೇರ್

ಕಾಲುವೆ ಶುರುವಾಗುವುದು ಈ ಊರಿನಿಂದ. ಸೈಕಲ್ ಬಾಡಿಗೆಯ ಅಂಗಡಿಗೆ ಹೋಗಿ, ನನಗೆ ಗೊತ್ತಿರುವ ಇಂಗ್ಲಿಷಿನಲ್ಲಿ, ನಾವು ಸೈಕಲ್ ಕಾಯ್ದಿರಿಸಿದ್ದೇವೆ ಎಂದೆ. ಅಂಗಡಿಯವನು ನನ್ನನ್ನೇ ನೋಡುತ್ತ ನಿಂತ. ಇನ್ನೊಮ್ಮೆ ಹೇಳಿದೆ. ಮತ್ತೂ ನೋಡುತ್ತ ನಿಂತ. ಮೂರನೆಯ ಸಲ ಹೇಳುವ ಮೊದಲು ಕಾಕಾ ಹಿಂದಿನಿಂದ "ಬೋಂಜೂರ್" ಅಂದರು. ಆ ಮನುಷ್ಯನ ಮುಖದಲ್ಲಿ ದೀಪ ಹತ್ತಿತು. "ಬೋಂಜೂರ್" ಅಂದ, ನನ್ನ ಕಡೆ ತಿರುಗಿ ಚೆಂದದ ಇಂಗ್ಲಿಷಿನಲ್ಲಿ ಮಾತಾಡಿದ.

ಇಲ್ಲಿ ನಮಸ್ಕಾರ ಹೇಳದೆ ಮಾತು ಶುರು ಮಾಡುವವರು ಮನುಷ್ಯರೇ ಅಲ್ಲ. ನಮ್ಮಲ್ಲಿ "ಏನ್ರೀ, ಊಟ ಆತ?" ಕೇಳದೆ ಕೆಲಸದ ಮಾತಿಗೆ ಬಂದರೆ ಹೇಗೋ ಹಾಗೆ. ವ್ಯತ್ಯಾಸವೆಂದರೆ ನಮ್ಮವರು ಮನಸ್ಸಿನಲ್ಲಿ ಬೈದುಕೊಂಡಾದರೂ ಕೆಲಸ ಮಾಡಿಕೊಡುತ್ತಾರೆ.

ಮೊದಲ ದಿನದ ಅನಾಹುತ ನನ್ನದೇ. ಊರು ದಾಟುತ್ತಿದ್ದಂತೆ ಬಲಗಡೆಯ ಟ್ರಾಫಿಕ್ಕು ಮರೆತು ಎಡಕ್ಕೆ ತಿರುಗಿದೆ. ಬ್ರೆಡ್ ಕಂಕುಳಲ್ಲಿ ಹಿಡಿದುಕೊಂಡು ಬರುತ್ತಿದ್ದ ಅಜ್ಜನೊಬ್ಬ ಪಕ್ಕಕ್ಕೆ ಹಾರಿ, ಬ್ರೆಡ್ಡನ್ನೇ ಬೆತ್ತದಂತೆ ಎತ್ತಿ ಏನೋ ಅಂದ. ಉದ್ದನೆಯ ಬ್ರೆಡ್ಡು, ಕಾಗದ ಸುತ್ತದ ಬ್ರೆಡ್ಡು. ಇಡೀ ದೇಶವೇ ಹೀಗೆ ಬ್ರೆಡ್ಡನ್ನು ಅಂಗಿಗೆ ಒರೆಸಿಕೊಂಡು ತಿರುಗುತ್ತದೆ.

ಸಂಜೆ ಬೆರಳು ಚುಚ್ಚಿ ನೋಡಿದೆವು. ಸಕ್ಕರೆ ಸರಿ ಇತ್ತು. ಬರೆದುಕೊಂಡೆ. ಆದರೂ ರಾತ್ರಿ ಕಾಕಾನ ಕೋಣೆಯ ಬಾಗಿಲಿಗೆ ಎರಡು ಸಲ ಕಿವಿ ಹಚ್ಚಿ ಬಂದೆ. ಗೊರಕೆ ಕೇಳಿದ ಮೇಲೆ ನನಗೆ ನಿದ್ದೆ.

ಬುಧವಾರ, ಕ್ಲಾಮ್ಸಿ

ಎರಡು ದಿನ ಹಾದಿ ನೀರಿನ ಪಕ್ಕದಲ್ಲೇ ಬಂತು. ಖಡಿ ಸಣ್ಣದು, ಒತ್ತಾಗಿ ಕೂತದ್ದು, ಟೈರಿನ ಕೆಳಗೆ ಕುರುಂ ಕುರುಂ ಎನ್ನುತ್ತದೆ. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ನದಿ, ನಡುವೆ ನಾವು. ಹಾಳುಗೋಡೆಯ ಹಳ್ಳಿಗಳು ಗುಡ್ಡದ ಮೇಲಿನಿಂದ ಬಾಗಿ ನೋಡುತ್ತವೆ. ಕಲ್ಲಿನ ಇಗರ್ಜಿಯ ಗೋಡೆ ಮುಟ್ಟಿ ಕಾಕಾ, "ನಮ್ಮ ತಾರಕೇಶ್ವರ ಗುಡಿ ಇದಕ್ಕಿಂತ ನುಣುಪು," ಅಂದರು. ಪಕ್ಷಪಾತವಾದರೂ ಸುಳ್ಳಲ್ಲ.

ಅಷ್ಟು ದೂರದ ಹಾದಿಯಲ್ಲಿ ಮನುಷ್ಯರೇ ಇಲ್ಲ. ಅದೇ ನನಗೆ ಸಮಾಧಾನ ಕೊಡಲಿಲ್ಲ. ನಮ್ಮ ಕಾಲುವೆ ದಂಡೆ ಎಂದರೆ ಗೋವಿನಜೋಳ ಒಣಹಾಕಿರುತ್ತಾರೆ, ಬಟ್ಟೆ ಒಗೆಯುತ್ತಿರುತ್ತಾರೆ, ಎಮ್ಮೆ ಅಡ್ಡ ನಿಂತಿರುತ್ತದೆ. ಹಿಂದಿನ ತಿಂಗಳು ಚಿಕ್ಕೇರೂರಿನ ಹತ್ತಿರ ಕಾಕಾ ಸೈಕಲ್ಲಿನಿಂದ ಜಾರಿ ಬಿದ್ದಾಗ, ನಾನು ಬ್ರೇಕ್ ಹಿಡಿಯುವಷ್ಟರಲ್ಲಿ ಸುತ್ತ ಗುಂಪು ಕೂಡಿತ್ತು. ಒಬ್ಬಳು ಮಜ್ಜಿಗೆ ತಂದಳು, ಒಬ್ಬ ಮೊಣಕಾಲಿಗೆ ಅರಿಷಿಣ ಹಚ್ಚಿದ, ಇನ್ನೊಬ್ಬ "ಈ ವಯಸ್ಸಿನ್ಯಾಗ ಯಾಕ್ರಿ ರಾಯರ ಇದೆಲ್ಲ?" ಎಂದು ಬುದ್ಧಿ ಹೇಳಿದ. ಆವತ್ತು ಅವರ ಗದ್ದಲಕ್ಕೆ ಸಿಟ್ಟು ಬಂದಿತ್ತು. ಇಲ್ಲಿ ತಾಸುಗಟ್ಟಲೆ ಯಾರೂ ಸಿಗದ ಹಾದಿಯಲ್ಲಿ, ಕಾಕಾ ಬಿದ್ದರೆ ಮಜ್ಜಿಗೆ ತರುವವರು ಯಾರು ಎಂಬ ಪ್ರಶ್ನೆ ಹಿಂದಿನ ಚಕ್ರದಂತೆ ಬೆನ್ನಿಗೇ ಬರುತ್ತಿತ್ತು.

ಅದಕ್ಕೇ ನಾನು ಹಿಂದೆ, ಅವರು ಮುಂದೆ. ಅವರು ಮಾತಾಡುತ್ತಿರಬೇಕು, ನಾನು ಕೇಳುತ್ತಿರಬೇಕು. ಮಾತಿಗೆ ಬರವಿರಲಿಲ್ಲ. ಈ ಕಾಲುವೆ ತೋಡಿದ್ದೇ ಪ್ಯಾರಿಸ್ಸಿಗೆ ಕಟ್ಟಿಗೆ ಸಾಗಿಸುವುದಕ್ಕೆ, ಈ ಊರಿನವರು ಕಟ್ಟಿಗೆ ತೇಲಿಸಿ ಅದರ ಮೇಲೆ ನಿಂತು ಹೋಗುತ್ತಿದ್ದರು, ಈ ಲಾಕಿನ ಬಾಗಿಲು ನೀರಿನ ಒತ್ತಡದಿಂದಲೇ ಬಿಗಿಯಾಗುತ್ತದೆ, ಹೀಗೆ. ಲಾಕು ಎಂದರೆ ದೋಣಿಯನ್ನು ಮೆಟ್ಟಿಲಿನಂತೆ ಮೇಲಿಂದ ಕೆಳಗೆ ಇಳಿಸುವ, ಕೆಳಗಿಂದ ಮೇಲೆ ಏರಿಸುವ ನೀರಿನ ಕೋಣೆ. ಪ್ರತಿಯೊಂದಕ್ಕೂ ಒಂದು ಪುಟ್ಟ ಮನೆ, ಕಿಟಕಿಯಲ್ಲಿ ಕೆಂಪು ಹೂವು.

ಮಧ್ಯಾಹ್ನ ಹನ್ನೆರಡಕ್ಕೆ ಒಂದು ಲಾಕಿಗೆ ಬಂದೆವು. ದೋಣಿಯೊಂದು ಅರ್ಧ ಇಳಿದು ನಿಂತಿತ್ತು. ಬಾಗಿಲು ತಿರುಗಿಸುವವನು ಕೈಬಿಟ್ಟು ಮನೆಯೊಳಗೆ ಹೋಗಿ ಮೇಜಿಗೆ ಕೂತ. ದೋಣಿಯವರೂ ದೋಣಿಯಲ್ಲೇ ತಟ್ಟೆ ತೆಗೆದರು. ಒಂದು ಗಂಟೆಯವರೆಗೆ ಎಲ್ಲವೂ ನಿಂತಿತು. ಯಾರಿಗೂ ಬೇಸರವಿಲ್ಲ.

"ನಮ್ಮ ಇಲಾಖೆಯೊಳಗ ಹಿಂಗ ಉಂಡಿದ್ರ ಮೆಮೋ ಬರ್ತಿತ್ತು," ಎಂದು ಕಾಕಾ ಹೊಟ್ಟೆಕಿಚ್ಚಿನಿಂದ ಅಂದರು. ನಾವೂ ದಂಡೆಯ ಮೇಲೆ ಕೂತು ಹಚ್ಚಿದ ಅವಲಕ್ಕಿ ತಿಂದೆವು. ಮೆಂತ್ಯದ ಹಿಟ್ಟಿನ ವಾಸನೆಗೆ ದೋಣಿಯ ನಾಯಿ ಎದ್ದು ನಿಂತಿತು.

ಗುರುವಾರ, ಸಾರ್ಡಿಯ ಮೆಟ್ಟಿಲು

ಇದು ಕಾಕಾನ ದಿನ. ಗುಡ್ಡ ಹತ್ತುವುದಕ್ಕೆ ಒಂದರ ಮೇಲೊಂದು ಹದಿನಾರು ಲಾಕುಗಳಿವೆ. ಅವರು ಪ್ರತಿಯೊಂದರಲ್ಲೂ ಇಳಿದು, ಕಲ್ಲಿನ ಜೋಡಣೆ ತಟ್ಟಿ, ಸೋರಿದೆಯೇ ಎಂದು ಬಗ್ಗಿ ನೋಡಿದರು. ನನಗೆ ಕಾಲು ಸೋತಿತು, ಅವರಿಗೆ ಇಲ್ಲ. ತುದಿಯಲ್ಲಿ ಕಾಲುವೆ ಗುಡ್ಡದೊಳಗಿನ ಸುರಂಗಕ್ಕೆ ಹೋಗುತ್ತದೆ. ಆ ಕತ್ತಲೆಯ ಬಾಯಿಯ ಮುಂದೆ ಅವರು ಬಹಳ ಹೊತ್ತು ನಿಂತರು. ಸುಮ್ಮನೆ ನಿಂತರು. ನಾನು ಓಡಿಹೋಗಿ "ಕಾಕಾ" ಎಂದು ರಟ್ಟೆ ಹಿಡಿದೆ.

"ಏನ ಹುಡುಗಿ? ನೋಡಾಕೂ ಬಿಡೂದಿಲ್ಲಲ್ಲ ನೀ."

"ಮಾತಾಡಲಿಲ್ಲ ನೀವು."

"ಇಂಥಾದರ ಮುಂದ ಯಾರರ ಮಾತಾಡ್ತಾರೇನು?"

ಸುರಂಗದಾಚೆ ಕೆರೆ, ಕೆರೆಯ ದಂಡೆಗೆ ನಮ್ಮ ವಸತಿಮನೆ. ರಾತ್ರಿ ಊಟಕ್ಕೆ ಕಾಕಾ ಬರಲಿಲ್ಲ. "ಮಧ್ಯಾಹ್ನ ತಿಂದ ಬ್ರೆಡ್ ಇನ್ನಾ ಕರಗಿಲ್ಲ," ಅಂದರು. ನಾನು ಒತ್ತಾಯಿಸಿದೆ. ಹಾಲಾದರೂ ಎಂದೆ. "ನೀ ಕಾಕುನ ಸಿಸಿಟಿವಿ ಆಗೀಯಲ್ಲ," ಎಂದು ನಕ್ಕರು. ನಾನು ಒಬ್ಬಳೇ ಊಟಕ್ಕೆ ಹೋದೆ.

ಶುಕ್ರವಾರ, ಮೋರ್ವಾಂ ಕಾಡು

ಇದು ನನ್ನ ದಿನ. ಆ ಕೆರೆಗೆ ನೀರು ತರುವ ಸಣ್ಣ ಕಾಲುವೆಯೊಂದು ಕಾಡಿನೊಳಗಿನಿಂದ ಬರುತ್ತದೆ. ಅದರ ದಂಡೆಯ ಖಡಿ ಹಾದಿಯಲ್ಲಿ ಕೆಲವು ಮೈಲಿ ಹೋಗಿ, ಆಮೇಲೆ ಕಾಲುವೆ ಬಿಟ್ಟು ಗುಡ್ಡದ ಕಾಡಿಗೆ ಏರುವುದು ಎಂದು ಯೋಜನೆ.

ಬೆಳಿಗ್ಗೆ ಎದ್ದಾಗ ಕಾಕಾನ ಸ್ನಾನ, ಸಂಧ್ಯಾವಂದನೆ ಆಗಿತ್ತು. ಕೆರೆಯ ದಂಡೆಯಲ್ಲಿ ನಿಂತು ಬಾತುಕೋಳಿಗಳಿಗೆ ಬ್ರೆಡ್ ಹರಿದು ಹಾಕುತ್ತಿದ್ದರು. ತಿಂದು ಉಳಿದದ್ದು ಇರಬೇಕು ಎಂದುಕೊಂಡೆ. ಬೆರಳು ಚುಚ್ಚಿ ನೋಡಿದರೆ ಆ ವಾರದಲ್ಲೇ ಬಂದಿರದಷ್ಟು ಒಳ್ಳೆಯ ಅಂಕಿ. ಖುಷಿಯಿಂದ ಬರೆದುಕೊಂಡೆ. ಗುಳಿಗೆಯನ್ನು ನಾನೇ ಪೊಟ್ಟಣದಿಂದ ತೆಗೆದು ಅವರ ಅಂಗೈಗೆ ಹಾಕಿದೆ. ಅವರು ಒಂದು ಕ್ಷಣ ಅದನ್ನು ನೋಡಿದರು. ನಾನು ಅಲ್ಲೇ ನಿಂತಿದ್ದೆ. ನುಂಗಿದರು.

ಕಾಲುವೆಯ ಹಾದಿ ಸಮತಟ್ಟಾಗಿತ್ತು. ಬೀಚ್ ಮರಗಳ ಕಾಂಡ ಬೂದಿ ಬಳಿದಂತೆ, ಎಲೆಗಳೆಲ್ಲ ಮೇಲೆ ಎಲ್ಲೋ. ಸವಣೂರಿನ ಮಠದ ಆ ದೊಡ್ಡ ಹುಣಸೆ ಮರಗಳ ಸುತ್ತಳತೆಯ ಒಂದೂ ಮರ ಇಲ್ಲಿಲ್ಲ ಎಂದು ಕಾಕಾ ಷರಾ ಬರೆದರು. ಎರಡು ತಾಸಿಗೆ ನಿಂತಾಗ ಬಾಳೆಹಣ್ಣು ಕೊಟ್ಟೆ. "ಮ್ಯಾಲೆ ಹೋಗಿ ತಿಂತೇನಿ," ಎಂದು ಕಿಸೆಗೆ ಹಾಕಿಕೊಂಡರು.

ಕಾಲುವೆ ಬಿಟ್ಟು ಏರು ಹಿಡಿದೆವು. ಖಡಿ ದಪ್ಪವಾಯಿತು, ಚಕ್ರ ಜಾರತೊಡಗಿತು. ಕಾಕಾ ನಿಧಾನವಾಗಿ, ಹಲ್ಲುಕಚ್ಚಿ ತುಳಿಯುತ್ತಿದ್ದರು. ಏರಿನ ಮೇಲೆ ಯಾರೂ ಮಾತಾಡುವುದಿಲ್ಲ, ಉಸಿರು ಬೇಕಲ್ಲ. ಮಾತು ನಿಂತದ್ದು ನನಗೆ ಗೊತ್ತಾಗದೇ ಹೋದದ್ದು ಹಾಗೆ.

ಏರು ಮುಗಿದ ಮೇಲೆ ಹಾದಿ ಎಡಕ್ಕೆ ತಿರುಗಿತು. ಕಾಕಾ ತಿರುಗಲಿಲ್ಲ. ನೇರವಾಗಿ ಜರಿಗಿಡಗಳೊಳಗೆ ಹೋದರು, ಸೈಕಲ್ ಒಂದು ಕಡೆ ಬಿತ್ತು, ಅವರು ಇನ್ನೊಂದು ಕಡೆ ಕೂತರು. ಬಿದ್ದದ್ದಲ್ಲ, ಕೂತದ್ದು, ಮನೆಯ ಕಟ್ಟೆಯ ಮೇಲೆ ಕೂತಂತೆ. ಓಡಿಹೋಗಿ ಮುಟ್ಟಿದರೆ ಅಂಗಿ ಹಿಂಡುವಂತೆ ಒದ್ದೆ, ಹಣೆ ತಣ್ಣಗೆ.

"ಕಾಕಾ, ಬಾಳೆಹಣ್ಣು ತಿಂದ್ರೇನು?"

ಅವರು ನನ್ನನ್ನು ಗುರುತಿಸದವರಂತೆ ನೋಡಿದರು. ಕಿಸೆಯಲ್ಲಿ ಹಣ್ಣು ಹಾಗೇ ಇತ್ತು. ಗ್ಲುಕೋಸ್ ಪುಡಿ ನನ್ನ ಚೀಲದಲ್ಲಿತ್ತು, ಬಾಟಲಿಯ ನೀರಿಗೆ ಸುರಿದು ಅಲ್ಲಾಡಿಸಿದೆ. ಅರ್ಧ ಮಣ್ಣಿಗೆ ಚೆಲ್ಲಿತು. ಬಾಯಿಗೆ ಹಿಡಿದೆ. ಕಾಕಾ ಮುಖ ತಿರುಗಿಸಿದರು.

"ಬ್ಯಾಡ. ಏಕಾದಶಿ."

"ಕಾಕಾ, ಇವತ್ತ ಶುಕ್ರವಾರ. ದಶಮಿ. ಏಕಾದಶಿ ನಾಳೆ ಐತಿ."

"ಇಲ್ಲೆ ಇವತ್ತ," ಅಂದರು. ನಾಲಿಗೆ ದಪ್ಪವಾಗಿತ್ತು. "ಅಲ್ಲೆ ಎಂಟೂವರೆಗೆ... ಇಲ್ಲೆ ಐದು... ಸೂರ್ಯ ಹುಟ್ಟಿಲ್ಲ..."

ಗಣಿತದ ಶಿಕ್ಷಕಿಗೆ ಆಗ ತಿಳಿಯಿತು. ಸೂರ್ಯ ಹುಟ್ಟುವಾಗ ಏಕಾದಶಿ ಇದ್ದ ದಿನವೇ ಉಪವಾಸ. ದಶಮಿ ಮುಗಿದು ಏಕಾದಶಿ ಹಿಡಿಯುವುದು ಹಾನಗಲ್ಲಿನಲ್ಲಿ ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ. ಅಲ್ಲಿ ಸೂರ್ಯ ಹುಟ್ಟಿ ಬಹಳ ಹೊತ್ತಾಗಿರುತ್ತದೆ, ಆದ್ದರಿಂದ ಉಪವಾಸ ಮರುದಿನ ಶನಿವಾರ. ಆದರೆ ಇಲ್ಲಿ ನಾವು ಮೂರೂವರೆ ತಾಸು ಹಿಂದೆ. ಆ ಹೊತ್ತಿಗೆ ಇಲ್ಲಿ ಇನ್ನೂ ನಸುಕಿನ ಐದು. ಅಂದರೆ ಇಲ್ಲಿ ಸೂರ್ಯ ಹುಟ್ಟುವಾಗಲೇ ಏಕಾದಶಿ ಬಂದಿತ್ತು. ಇಲ್ಲಿಯ ಉಪವಾಸ ಶುಕ್ರವಾರವೇ. ಊರಿನ ಗೋಡೆಯ ಕ್ಯಾಲೆಂಡರನ್ನು ನಾನು ಫ್ರಾನ್ಸಿಗೂ ನಂಬಿದ್ದೆ. ಕಾಕಾ ನಂಬಿರಲಿಲ್ಲ. ದಶಮಿಯ ರಾತ್ರಿ ಉಣ್ಣುವುದಿಲ್ಲವೆಂದು ನಿನ್ನೆಯೂ ಬಿಟ್ಟಿದ್ದರು. ನಿನ್ನೆ ಮಧ್ಯಾಹ್ನದಿಂದ ಆ ಹೊಟ್ಟೆಗೆ ಬಿದ್ದದ್ದು ನಾನು ಕೊಟ್ಟ ಗುಳಿಗೆ ಒಂದೇ.

ಮತ್ತೆ ಬಾಟಲಿ ಹಿಡಿದೆ. ಹಲ್ಲು ಕಚ್ಚಿಕೊಂಡರು. ಕಾಕು ಹೆಸರು ಹೇಳಿದೆ, ಅತ್ತುಬಿಟ್ಟೆ, ಬೈದೆ. "ಬ್ಯಾಡ" ಎಂಬುದೊಂದೇ ಅವರಲ್ಲಿ ಉಳಿದಿತ್ತು. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಜೋರಾಗಿ ಕೂಗಿದೆ, ಕನ್ನಡದಲ್ಲೇ ಕೂಗಿದೆ.

ಮರಗಳ ನಡುವಿನಿಂದ ಒಬ್ಬ ಹೆಂಗಸು ಬಂದಳು. ಎಪ್ಪತ್ತು ದಾಟಿರಬೇಕು, ರಬ್ಬರ್ ಬೂಟು, ಕೈಯಲ್ಲಿ ಅಣಬೆ ತುಂಬಿದ ಬುಟ್ಟಿ. ನಮ್ಮನ್ನು ನೋಡಿ ನಿಂತು "ಬೋಂಜೂರ್" ಅಂದಳು. ಕಾಯ್ದಳು. ಜೀವ ಹೋಗುವ ಹೊತ್ತಿನಲ್ಲೂ ನಾನು "ಬೋಂಜೂರ್" ಅಂದೆ. ಆಮೇಲೆ ಅವಳು ಬುಟ್ಟಿ ಕೆಳಗಿಟ್ಟು, ಹಿಂದೆ ಮೊಣಕಾಲೂರಿ ಕೂತು, ವಾಲುತ್ತಿದ್ದ ಕಾಕಾನ ಬೆನ್ನಿಗೆ ತನ್ನ ಎದೆ ಕೊಟ್ಟಳು.

ಕಾಕಾನ ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಅದನ್ನು ನೋಡಿ ನನಗೆ ಹೊಳೆಯಿತು. ಯಾಕೆ ಹೊಳೆಯಿತೋ ಗೊತ್ತಿಲ್ಲ, ದಿನಾ ಬೆಳಿಗ್ಗೆ ದೇವರ ಮನೆಯ ಮುಂದೆ ನೋಡಿದ ಕೈ ಅದು.

"ಕಾಕಾ," ಎಂದೆ, ಆದಷ್ಟು ಮೆಲ್ಲಗೆ. "ತೀರ್ಥ."

ಕಣ್ಣು ಅರ್ಧ ಮುಚ್ಚಿತ್ತು. ಆದರೆ ಕೈ ಎದ್ದಿತು. ಬೆರಳುಗಳು ತಾವಾಗಿಯೇ ಮಡಿಚಿ, ಅಂಗೈ ಗುಳಿಯಾಗಿ, ಎಡಗೈ ಅದರ ಕೆಳಗೆ ಬಂತು. ಬಾಟಲಿಯ ಮುಚ್ಚಳದಲ್ಲಿ ಗ್ಲುಕೋಸ್ ನೀರು ತುಂಬಿ ಅಂಗೈಗೆ ಹಾಕಿದೆ. ಕೈ ಬಾಯಿಗೆ ಹೋಯಿತು. ಸಪ್ಪಳವಾಗದಂತೆ ಕುಡಿದರು. ಮತ್ತೆ ಕೈ ಚಾಚಿದರು. ಹಾಕಿದೆ. ಮೂರನೆಯ ಸಲ ಕುಡಿದ ಮೇಲೆ ಕೈ ತಲೆಗೆ ಒರೆಸಿಕೊಂಡು ಕೆಳಗಿಟ್ಟರು, ಮೂರಕ್ಕೆ ಮುಗಿಯಿತಲ್ಲ. "ಇನ್ನೊಮ್ಮೆ ತೀರ್ಥ, ಕಾಕಾ," ಎಂದೆ. ಮತ್ತೆ ಎದ್ದಿತು. ಅಂಗೈಯಿಂದ ನೀರು ಚೆಲ್ಲುತ್ತಿತ್ತು. ಆ ಅಜ್ಜಿ ನೋಡಿ ಕಲಿತುಕೊಂಡು, ತನ್ನ ಕೈಯನ್ನು ಅವರ ಕೈಯ ಕೆಳಗೆ ಅದೇ ಆಕಾರದಲ್ಲಿ ಒಡ್ಡಿದಳು. ಚೆಲ್ಲಿದ್ದನ್ನು ಅವರ ತುಟಿಗೇ ತಾಗಿಸಿದಳು.

ಎಷ್ಟು ಹೊತ್ತು ಹೀಗೆ ಕೂತೆವೋ ನಾನು ಗಡಿಯಾರ ನೋಡಲಿಲ್ಲ. ಎಲ್ಲವನ್ನೂ ಬರೆದಿಡುವ ನನ್ನ ದಿನಚರಿಯಲ್ಲಿ ಆ ಹೊತ್ತು ಖಾಲಿ ಇದೆ.

ಮೊದಲು ಬೆವರು ನಿಂತಿತು. ಆಮೇಲೆ ಕಾಕಾ ತಮ್ಮ ಹಿಂದೆ ಯಾರೋ ಇದ್ದಾರೆಂದು ತಿರುಗಿ ನೋಡಿ, ಗಾಬರಿಯಿಂದ ನೆಟ್ಟಗೆ ಕೂತರು.

"ಈ ಬಾಯಾರು ಯಾರು?"

"ಅಣಬಿ ಆರಿಸಾಕ ಬಂದವರು."

ಅವರು ತುಟಿ ಸವರಿಕೊಂಡರು. ಬಾಟಲಿ ನೋಡಿದರು, ನನ್ನನ್ನು ನೋಡಿದರು. "ತೀರ್ಥ ಅಂದಿ ನೀ."

"ಅಂದೆ."

"ಎಷ್ಟು ಸಲ ಹಾಕಿದಿ?"

"ಬಾಟ್ಲಿ ಮುಗಿಯೂತನಕ."

"ಅಷ್ಟು ಸಲ ಯಾವ ಮಠದಾಗ ಕೊಡ್ತಾರ?" ಅಂದರು. ನಗಲಿಲ್ಲ. ಸ್ವಲ್ಪ ಹೊತ್ತು ಬೂದಿ ಬಣ್ಣದ ಮರಗಳನ್ನು ನೋಡುತ್ತ ಕೂತರು. ನನಗೆ ಸಕ್ಕರೆ ಮತ್ತೆ ಇಳಿಯಿತೇನೋ ಎಂದು ಹೆದರಿಕೆ.

"ನನಗ ಯಾಕ ಹೇಳಲಿಲ್ಲ? ಏಕಾದಶಿ ದಿನ ಸೈಕಲ್ ಮುಟ್ಟೂದಿಲ್ಲಂತ ಡಾಕ್ಟರ ಮುಂದ ಹೇಳಿದ್ರಿ."

"ಹೇಳಿದ್ರ ನಿನ್ನ ಕಾಡು ತಪ್ಪತಿತ್ತು. ನನ್ನ ಕಾಲುವಿ ಎಲ್ಲಾ ನೋಡಿ ಆಗಿತ್ತು," ಅಂದರು. "ಗುಳಿಗಿ ಬಿಡೂದಿತ್ತು. ನೀ ಕೈಯಾಗ ಹಾಕಿ ಮುಂದ ನಿಂತಿ."

ಅಜ್ಜಿಗೆ ಭಾಷೆ ತಿಳಿಯದಿದ್ದರೂ ಜಗಳವೆಂದು ತಿಳಿಯಿತು. ಬುಟ್ಟಿಯಲ್ಲಿ ಅಣಬೆಗಳ ಕೆಳಗಿನಿಂದ ಬ್ರೆಡ್ಡಿನ ತುಂಡು ತೆಗೆದು, ಅಂಗಿಗೆ ಒರೆಸಿ, ಕಾಕಾನ ಕೈಗೆ ಕೊಟ್ಟಳು. ಗ್ಲುಕೋಸ್ ಒಂದೇ ಸಾಲದು, ಮೇಲೆ ಗಟ್ಟಿಯಾಗಿ ಏನಾದರೂ ಬೀಳಬೇಕು ಎಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿದ್ದಂತಿತ್ತು. ಕಾಕಾ ಆ ತುಂಡನ್ನು ಬಹಳ ಹೊತ್ತು ಹಿಡಿದುಕೊಂಡರು. ಮುಂಜಿಯಾದಂದಿನಿಂದ ಲೆಕ್ಕ ಹಾಕುತ್ತಿದ್ದರೇನೋ. ಒತ್ತಾಯಿಸಿದರೆ ತಿನ್ನುವುದಿಲ್ಲ ಎಂದು ನಾನು ಹೆದರಿದೆ. ತಿಂದರು.

ಅಜ್ಜಿಯ ಮನೆ ಕಾಡಿನ ಅಂಚಿನಲ್ಲೇ ಇತ್ತು. ನಾನು ಎರಡೂ ಸೈಕಲ್ ನೂಕಿದೆ, ಅವಳು ಕಾಕಾನ ರಟ್ಟೆ ಹಿಡಿದು ನಡೆಸಿದಳು. ಪರಹೆಂಗಸು ಕೈ ಹಿಡಿದದ್ದಕ್ಕೆ ಕಾಕಾ ದಾರಿಯುದ್ದಕ್ಕೂ ಬಗ್ಗಿಸಿದ ತಲೆ ಎತ್ತಲಿಲ್ಲ. ಮನೆಗೆ ಹಳ್ಳಿಯ ನರ್ಸ್ ಬಂದು ನೋಡಿದಳು. ಆ ದಿನ ಒಂಟಿಯಾಗಿ ಬಿಡಬೇಡ, ರಾತ್ರಿ ಎಬ್ಬಿಸಿ ಎಬ್ಬಿಸಿ ಸಕ್ಕರೆ ನೋಡು, ಗುಳಿಗೆ ಇನ್ನೂ ಮೈಯಲ್ಲಿದೆ ಎಂದಳು. ಅಜ್ಜಿಯ ಗಂಡ ತನ್ನ ವ್ಯಾನಿನಲ್ಲಿ ನಮ್ಮನ್ನೂ ಸೈಕಲ್ಲುಗಳನ್ನೂ ಕೆರೆಯ ದಂಡೆಗೆ ತಂದು ಬಿಟ್ಟ. ನನ್ನ ಕಾಡನ್ನು ನಾನು ನೋಡಿದ್ದು ಅಷ್ಟೇ.

ಊರಿಗೆ ಬಂದ ಮೇಲೆ ಕಾಡಿನ ಸಂಗತಿಯನ್ನು ಕಾಕಾ ತಾವೇ ಕಾಕುಗೆ ಹೇಳಿದರು. ಇದನ್ನು ಬರೆಯುವುದಕ್ಕೂ ಇಬ್ಬರೂ ಒಪ್ಪಿದ್ದಾರೆ. ಆದರೆ ಕಾಡಿನ ಮರುದಿನ, ಶನಿವಾರ ಬೆಳಿಗ್ಗೆ, ಕಾಕುಗೆ ಏನೂ ಗೊತ್ತಿರಲಿಲ್ಲ.

ಶನಿವಾರ, ಕೆರೆಯ ದಂಡೆ

ರಾತ್ರಿ ನಾನು ಮಲಗಲಿಲ್ಲ. ಬೆಳಿಗ್ಗೆ ಕಾಕಾ ಸ್ನಾನ ಮಾಡಿ, ಹಣೆಗೆ ಗೋಪೀಚಂದನ ಇಟ್ಟುಕೊಂಡು, ನನಗಿಂತ ಗೆಲುವಾಗಿ ಮೇಜಿಗೆ ಬಂದರು. ನಾನು ಅವರ ಎದುರು ಕೂತು ಪ್ರತಿ ತುತ್ತನ್ನೂ ನೋಡುತ್ತಿದ್ದೆ. ಬ್ರೆಡ್, ಬೆಣ್ಣೆ. ಆ ಹೊತ್ತಿಗೆ ನನ್ನ ಫೋನಿನಲ್ಲಿ ಕಾಕು ವಿಡಿಯೋ ಕರೆ ಮಾಡಿದಳು. ನಿದ್ದೆಗಣ್ಣಿನಲ್ಲಿ ಎತ್ತಿಬಿಟ್ಟೆ.

ಹಾನಗಲ್ಲಿನಲ್ಲಿ ಅದು ಏಕಾದಶಿ. ಕಾಕುವಿನ ಮುಖ ಒಣಗಿತ್ತು, ಹಿಂದೆ ಹಚ್ಚದ ಒಲೆ ಕಾಣುತ್ತಿತ್ತು.

"ಮೇಧಾ, ಇವ್ರು ಮಲಗ್ಯಾರೇನು? ಇವತ್ತರ ಸೈಕಲ್ ಬಿಟ್ಟು..." ಎನ್ನುತ್ತಿದ್ದವಳು ನಿಂತಳು. ನನ್ನ ಹಿಂದೆ ಗೋಡೆಯ ಕನ್ನಡಿಯಲ್ಲೋ, ಎಲ್ಲೋ, ಕಾಕಾ ಕಂಡಿರಬೇಕು. "ಫೋನ್ ಅವ್ರ ಕಡೆ ತಿರುಗಸು."

ತಿರುಗಿಸಿದೆ. ಕಾಕಾನ ಬಾಯಲ್ಲಿ ಬ್ರೆಡ್ಡಿತ್ತು.

"ಏನ್ರಿ ಅದು?"

ಕಾಕಾ ನುಂಗಿದರು.

"ಇವತ್ತ ಏಕಾದಶಿ ಅಲ್ಲೇನ್ರಿ?"

ಅವರ ಹತ್ತಿರ ಶಾಸ್ತ್ರಶುದ್ಧವಾದ ಉತ್ತರವಿತ್ತು. ಇಲ್ಲಿ ಇವತ್ತು ದ್ವಾದಶಿ, ಇದು ಉಪವಾಸ ಬಿಡುವ ಪಾರಣೆ ಎಂದರೆ ಮುಗಿಯಿತು. ಕಾಕುವಿನ ಕಣ್ಣಲ್ಲಿ ಅವರ ವ್ರತಕ್ಕೆ ಒಂದು ಕುಂದೂ ಬರುತ್ತಿರಲಿಲ್ಲ. ಆದರೆ ಆ ಉತ್ತರದ ಹಿಂದೆ ನಿನ್ನೆ ಎಲ್ಲಿ, ಹೇಗೆ ಉಪವಾಸ ಇದ್ದಿರಿ ಎಂಬ ಪ್ರಶ್ನೆ ನಿಂತಿತ್ತು. ಅವರ ಬಾಯಿ ತೆರೆಯಿತು. ನಾನು ಫೋನ್ ಹಿಡಿದ ಕೈ ಬಿಗಿ ಮಾಡಿದೆ. ಅವರು ನನ್ನ ಮುಖ ನೋಡಿದರು. ರಾತ್ರಿಯೆಲ್ಲ ಎದ್ದಿದ್ದ ಮುಖ ಹೇಗಿತ್ತೋ.

"ಹೌದು," ಅಂದರು ಕಾಕಾ. "ನಿನಗ ಏಕಾದಶಿ. ನಾ ತಿನ್ನಾಕತ್ತೇನಿ."

ಕಾಕುವಿನ ಸೆರಗು ಮೂಗಿಗೆ ಹೋಯಿತು.

"ಏನ್ ತಿನ್ನಾಕತ್ತೀರಿ?"

"ಬ್ರೆಡ್. ಬೆಣ್ಣಿ ಹಚ್ಚೇತಿ."

"ಮುಂದಿನ ಏಕಾದಶಿಗೆ?"

ಕಾಕಾ ಕಿಟಕಿಯ ಹೊರಗೆ ನೋಡಿದರು. ಕೆರೆ ಇತ್ತು, ಅದರಾಚೆ ಕಾಡಿನ ಗುಡ್ಡ. ನಾನು ಅವರ ಪರವಾಗಿ ಉತ್ತರ ಹೇಳಬೇಕೆನಿಸಿ ತುಟಿ ಕಚ್ಚಿಕೊಂಡೆ.

"ಫಲಾಹಾರ ಮಾಡ್ತೇನಿ," ಅಂದರು. "ಗುಳಿಗಿ ಡಾಕ್ಟರು ಹೇಳಿದಂಗ."

"ಖರೇನ?"

"ಖರೇನ. ಇಡ್ಲ್ಯಾ ಫೋನು? ನಿನ್ನ ಮುಂದ ತಿನ್ನಾಕ ನಾಚಿಕಿ ಆಗ್ತೇತಿ. ನೀ ಉಪವಾಸ ಕುಂತೀ."

"ಇಡಬ್ಯಾಡ್ರಿ," ಅಂದಳು ಕಾಕು. ತಾನೂ ಒಂದು ಮಣೆ ಎಳೆದುಕೊಂಡು ಫೋನಿನ ಮುಂದೆ ಕೂತಳು. "ಇನ್ನೊಂದು ತುಂಡು ತಗೋರಿ. ತಿನ್ರಿ. ನಾ ನೋಡ್ತೇನಿ."

ಕಾಕಾ ಇನ್ನೊಂದು ತುಂಡಿಗೆ ಕೈ ಚಾಚಿದರು.